ಬಲರೆಕ್ಕೆಯ ಭಾರ

ಮೂತಿಗೆ ಒಂದು, ಬಾಲಕ್ಕೆ ಒಂದು ಬೆರಳು ಕೊಟ್ಟು ಕೆಂಪರಾಜು ಮರದ ಮಾದರಿ ವಿಮಾನವನ್ನು ಮೇಜಿನಿಂದ ಎತ್ತಿದಾಗ ಅದರ ಬಲರೆಕ್ಕೆ ಮತ್ತೆ ಕೆಳಕ್ಕೆ ವಾಲಿತು. ಎರಡು ಕ್ಷಣ ಸಮನಾಗಿ ನಿಂತು, ಅವನಲ್ಲಿ ಆಸೆ ಹುಟ್ಟಿಸಿ, ಆಮೇಲೆ ನಿಧಾನವಾಗಿ, ಬೇಕೆಂದೇ ಮಾಡುವವರ ಹಾಗೆ ವಾಲಿತು. ಮೊಣಕೈಯಲ್ಲಿ ಅವನಿಗೆ ಚೆನ್ನಾಗಿ ಗೊತ್ತಿದ್ದ ಆ ಬಿಸಿ ಎದ್ದಿತು. ಅವನಿಗೆ ಸಿಟ್ಟು ತಲೆಯಲ್ಲಿ ಹುಟ್ಟುತ್ತಿರಲಿಲ್ಲ. ಅದು ಮೊಣಕೈಯಿಂದ ಶುರುವಾಗಿ ಅಂಗೈಗೆ ಇಳಿಯುತ್ತಿತ್ತು, ತಲೆಗೆ ಸುದ್ದಿ ಮುಟ್ಟುವುದು ಕೊನೆಗೆ. ವಿಮಾನವನ್ನು ಮೆಲ್ಲಗೆ ಕೆಳಗಿಟ್ಟು ಕೋಣೆಯಿಂದ ತಾರಸಿಗೆ ಬಂದು, ನೀರಿನ ಟ್ಯಾಂಕಿಗೆ ಎರಡೂ ಕೈ ಒತ್ತಿ ನಿಂತ. ಡಿಸೆಂಬರಿನ ಭಾನುವಾರದ ಬೆಳಗು, ಜರಗನಹಳ್ಳಿಯ ತಾರಸಿಗಳ ಮೇಲೆಲ್ಲ ಒಗೆದ ಬಟ್ಟೆ. ಕೆಳಗಿನ ಮಹಡಿಯ ಬಾಡಿಗೆಯವರ ಮನೆಯಲ್ಲಿ ಯಾರೋ ಜೋರಾಗಿ ನಗುತ್ತಿದ್ದರು. ಮೇಲೆ ಅವನ ಚಪ್ಪಲಿಯ ಸದ್ದು ಕೇಳಿದ್ದೇ ತಡ, ನಗು ನಿಂತಿತು. ಅವನ ಮನೆಯಲ್ಲೂ ಹಾಗೆಯೇ. ಅವನು ಮೆಟ್ಟಿಲು ಹತ್ತುವ ಸದ್ದಿಗೆ ಹೆಂಡತಿ ಟಿ.ವಿ. ಸಣ್ಣ ಮಾಡುತ್ತಾಳೆ. ಸಣ್ಣ ಮಾಡು ಎಂದು ಅವನು ಒಂದು ದಿನವೂ ಹೇಳಿದ್ದಿಲ್ಲ.

ಎಡರೆಕ್ಕೆ ತಮ್ಮ ಮೌನೇಶನದು. ಮರದ ಕಿಟ್ಟಿನ ಪೆಟ್ಟಿಗೆ ತಂದು, ಹಾಳೆಯಷ್ಟು ತೆಳ್ಳಗಿನ ಬಾಲ್ಸಾ ಮರದ ಪಟ್ಟಿಗಳನ್ನು ಒಂದೊಂದಾಗಿ ಉಜ್ಜಿ, ನಕ್ಷೆಯ ಮೇಲೆ ಗುಂಡುಸೂಜಿ ಚುಚ್ಚಿ ಕೂರಿಸಿ, ಒಂದು ತೊಟ್ಟು ಅಂಟು ಹೆಚ್ಚಾಗದಂತೆ ಅವನು ಜೋಡಿಸಿದ್ದು ಅಷ್ಟೇ, ಅರ್ಧ ಮಾತ್ರ. ಉಳಿದರ್ಧ, ಬಲರೆಕ್ಕೆ, ಬಾಲ, ಹೊಟ್ಟೆ, ಮೋಟಾರು, ಮೇಲಿನ ತೆಳು ಪ್ಲಾಸ್ಟಿಕ್ಕಿನ ಕೆಂಪು ಹೊದಿಕೆಯನ್ನು ಇಸ್ತ್ರಿ ಹಾಕಿ ಅಂಟಿಸಿದ್ದು, ಎಲ್ಲ ಕೆಂಪರಾಜುವಿನದು. ಏಳು ತಿಂಗಳು ಹಿಡಿದಿತ್ತು. ಮೊದಮೊದಲು ಮುಟ್ಟಿದ್ದೆಲ್ಲ ಮುರಿಯಿತು. ಮರ ಮುರಿದಾಗ ಆಗುವ ಸದ್ದು ತುಂಬ ಸಣ್ಣದು, ಬಿಸ್ಕತ್ತು ಮುರಿದ ಹಾಗೆ, ಆದರೆ ಆ ಸದ್ದಿಗೆ ಅವನ ಬೆನ್ನೆಲ್ಲ ಬೆವರುತ್ತಿತ್ತು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಇಂಥ ವಿಮಾನ ಮಾಡುವ ಸೀನು ಎಂಬ ನಿವೃತ್ತ ಇಂಜಿನಿಯರರ ಮನೆ ಹುಡುಕಿಕೊಂಡು ಹೋಗಿದ್ದ. ಅವರು ಇವನ ಕೈಯಿಂದ ಮುರಿದ ತುಂಡನ್ನು ಈಸಿಕೊಂಡು, ಮೊದಲು ಬಿಳಿ ಕರ್ಚೀಫಿನಲ್ಲಿ ಅದರ ಮೇಲಿನ ಬೆವರು ಒರೆಸಿ, ಆಮೇಲೆ ಕನ್ನಡಕ ಏರಿಸಿ ನೋಡಿದ್ದರು. "ನಿಮ್ಮ ಕೈಲಿ ಶಕ್ತಿ ಜಾಸ್ತಿ ರೀ ಕೆಂಪರಾಜು. ಇದಕ್ಕೆ ಅದು ಬೇಡ. ಹಿಡ್ಕೊಂಡಿದೀರ ಅಂತ ಮರಕ್ಕೆ ಗೊತ್ತೇ ಆಗ್ಬಾರ್ದು," ಎಂದಿದ್ದರು. ಆ ಕರ್ಚೀಫು ನೋಡಿ ಆ ಕನ್ನಡಕವನ್ನು ಮುಖದ ಮೇಲೆಯೇ ಒಡೆಯಬೇಕೆನ್ನಿಸಿತ್ತು. ಹೂಂ ಸಾರ್, ಹೂಂ ಸಾರ್ ಎಂದು ಕೇಳಿಕೊಂಡು ಬಂದಿದ್ದ. ಆರು ಸಲ ಹೋಗಿದ್ದ. ಆರು ಸಲವೂ ಅವರು ಒರೆಸಿಯೇ ಮುಟ್ಟಿದ್ದರು.

ಮುರಿಯುವ ಭಯಕ್ಕೆ ಅಂಟು ಹೆಚ್ಚು ಹಾಕಿದ್ದ, ಅದೇ ಭಾರ. ಸರಿದೂಗಿಸಲು ಮೌನೇಶನ ಎಡರೆಕ್ಕೆಯ ತುದಿಯಲ್ಲಿ ಹೊದಿಕೆ ಸೀಳಿ, ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ಒಳಗಿಟ್ಟು, ಮೇಲೆ ತೇಪೆ ಹಾಕಿದ್ದ. ಈಗ ಒಳಗೆ ಬಂದು ತೇಪೆ ಬಿಚ್ಚಿ ಇನ್ನೊಂದು ಗುಂಡು ಸೇರಿಸಿದ. ಎತ್ತಿದ. ನಿಂತಿತು.

ಈ ಕೋಣೆಯ ಕಬ್ಬಿಣದ ಬಾಗಿಲಿಗೆ ಹೊಸ ಬಣ್ಣ ಹೊಡೆಸಿದ್ದಾನೆ. ಹೋದ ಯುಗಾದಿಯ ಮರುದಿನ, ಹೊಸತೊಡಕಿನ ದಿನ, ಮನೆ ತುಂಬ ಮಸಾಲೆ ಅರೆದ ವಾಸನೆ. ಅವನು ಕುಡಿದಿರಲಿಲ್ಲ. ಕುಡಿದಿದ್ದರೆ ಹೇಳಿಕೊಳ್ಳಲು ಏನಾದರೂ ಇರುತ್ತಿತ್ತು. ತಾರಸಿಯ ತಂತಿಯ ಮೇಲೆ ಸೀರೆ ಹರವಿದ್ದಕ್ಕೆ ಬಾಡಿಗೆಯ ಹೆಂಗಸನ್ನು ಬೈಯುತ್ತಿದ್ದ. ಮೈಮೇಲೆಲ್ಲ ಮರದ ಪುಡಿ ಮೆತ್ತಿಕೊಂಡು ಮೌನೇಶ ಹೊರಗೆ ಬಂದು, "ಅಣ್ಣ, ಸ್ವಲ್ಪ ಮೆತ್ತಗೆ ಮಾತಾಡು, ಅವ್ರೂ ಮನುಷ್ಯರೇ ಅಲ್ವಾ," ಎಂದ. ಅಷ್ಟೇ. ಆ ಹೆಂಗಸು ತಲೆ ತಗ್ಗಿಸಿದಳು, ತಗ್ಗಿಸುವಾಗ ತುಟಿಯ ಕೊನೆಯಲ್ಲಿ ಏನೋ ಅಲುಗಿತು. ಅದು ನಗುವೇ ಎಂದು ಇವತ್ತಿಗೂ ಅವನಿಗೆ ಖಾತ್ರಿಯಿಲ್ಲ. ತಮ್ಮನನ್ನು ಎದೆಗೆ ಕೈ ಹಾಕಿ ಒಳಕ್ಕೆ ತಳ್ಳಿ ಬಾಗಿಲನ್ನು ಎಳೆದ. ಮೌನೇಶನ ಬಲಗೈ ಚೌಕಟ್ಟಿನಲ್ಲಿತ್ತು. ಬಾಗಿಲು ಪೂರ್ತಿ ಮುಚ್ಚಲಿಲ್ಲ. ಮತ್ತೊಮ್ಮೆ ಎಳೆದ. ಮೊದಲ ಸಲ ಅವನಿಗೆ ಗೊತ್ತಿರಲಿಲ್ಲ. ಎರಡನೆಯ ಸಲ ಗೊತ್ತಿತ್ತು. ತೋರುಬೆರಳು, ನಡುಬೆರಳು ಈಗ ಮಡಚುವುದಿಲ್ಲ. ಚಿಮುಟದಿಂದ ಗುಂಡುಸೂಜಿ ಹಿಡಿಯುತ್ತಿದ್ದ ಬೆರಳುಗಳು. ಎರಡು ತಿಂಗಳಲ್ಲಿ ಮೌನೇಶ ಹೆಂಡತಿ ಚೈತ್ರಳೊಡನೆ ಪುಟ್ಟೇನಹಳ್ಳಿಗೆ ಬಾಡಿಗೆ ಮನೆಗೆ ಹೋದ. ಪೆಟ್ಟಿಗೆಯನ್ನು ಇಲ್ಲಿಯೇ ಬಿಟ್ಟು ಹೋದ.

ಕೆಳಗೆ ಅವನ ತಾಯಿ ಲಕ್ಷ್ಮಮ್ಮ ಬಾಗಿಲ ಬಳಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮಗ ವಿಮಾನದಿಂದ ಬಿಚ್ಚಿದ ಕೆಂಪು ರೆಕ್ಕೆಯ ಜೋಡಿಯನ್ನು ಅಡ್ಡಡ್ಡ ಹಿಡಿದು ಮೆಟ್ಟಿಲಿಳಿಯುವುದನ್ನು ಕಂಡು ಕೈ ನಿಲ್ಲಿಸಿದಳು.

"ಅವ್ನು ಕೇಳಿದ್ನೇನ್ಲಾ?"

"ಇಲ್ಲವ್ವ."

"ಕೇಳ್ದಿರೋದ್ನ ತಗೊಂಡೋಯ್ತಿದ್ದೀಯ."

"ಅವನ್ದೇ ಅಲ್ವೇನವ್ವ ಇದು?"

"ಅವನ್ದು ಅಂತ ಗೊತ್ತಿದ್ದೂ ಮುಟ್ದಲ್ಲ," ಎಂದು ಅವಳು ಮತ್ತೆ ಕಾಯಿ ಎತ್ತಿಕೊಂಡಳು. ತಾಯಿಯ ಬೆರಳುಗಳು ಸಿಪ್ಪೆ ಸೀಳುವ ರೀತಿಯಲ್ಲಿ ಏನೋ ಒಂದು ತೀರ್ಪು ಇದ್ದ ಹಾಗೆ ಅವನಿಗೆ ಕಂಡಿತು. ಮರಕ್ಕೆ ಬೇಕಾದಷ್ಟೇ ಮೆತ್ತಗೆ ಕಾರಿನ ಬಾಗಿಲು ತೆಗೆದು, ರೆಕ್ಕೆಯನ್ನು ಹಿಂದಿನ ಸೀಟಿನಿಂದ ಮುಂದಿನ ಸೀಟಿನ ಮೇಲಕ್ಕೆ ಓರೆಯಾಗಿ ಒರಗಿಸಿ, ಉಳಿದ ಭಾಗವನ್ನೂ ಹಾರಿಸುವ ರಿಮೋಟನ್ನೂ ಹಳೆಯ ಕಂಬಳಿಯಲ್ಲಿ ಸುತ್ತಿ ಇಟ್ಟ.

ಪುಟ್ಟೇನಹಳ್ಳಿಯ ದಾರಿಯಲ್ಲಿ, ಬಡಾವಣೆಯ ಆರನೇ ಫೇಸ್ ದಾಟುವವರೆಗೂ ಅವನು ಮಾತುಗಳನ್ನು ಜೋಡಿಸುತ್ತಲೇ ಇದ್ದ. ತಗೋ ಮೌನಿ. ಇಲ್ಲ, ತಗೋ ಎನ್ನಬಾರದು, ದಾನ ಕೊಟ್ಟ ಹಾಗಾಗುತ್ತದೆ. ನೋಡು ಎನ್ನಬೇಕು. ನೋಡು ಎಂದರೆ ಸಾಕು, ಅವನು ನೋಡುತ್ತಾನೆ, ಚಿಕ್ಕಂದಿನಲ್ಲಿ ಕೆರೆ ಏರಿಯ ಮೇಲೆ ಕಾಗದದ ವಿಮಾನ ಬಿಟ್ಟು ನೋಡೋ ಮೌನಿ ಎಂದರೆ ಕತ್ತು ನೋಯುವವರೆಗೂ ನೋಡುತ್ತಿದ್ದ. ಎದುರಿನಿಂದ ನೀರಿನ ಟ್ಯಾಂಕರು ಬಂತು, ಪಕ್ಕದಲ್ಲಿ ಹಸು ರಸ್ತೆಗಿಳಿಯಿತು, ಎಡಗಡೆ ಯಾವುದೋ ಸ್ಕೂಟರು ಒತ್ತಿಕೊಂಡು ಬಂತು. ಹಿಂದಿನಿಂದ ಕಟಕ್ ಎಂದು ಒಂದು ಸಣ್ಣ ಸದ್ದು. ಬಿಸ್ಕತ್ತು ಮುರಿದ ಹಾಗೆ.

ಕಾರು ನಿಲ್ಲಿಸಿದ್ದು ಅವನಿಗೆ ನೆನಪಿಲ್ಲ. ಎದುರಿಗೆ ಐವತ್ತು ದಾಟಿದ ಒಬ್ಬ ಸಣಕಲ ಮನುಷ್ಯ, ಪ್ಯಾಂಟಿನ ಮೇಲೆ ಸುಣ್ಣ ಬಣ್ಣದ ಕಲೆ, ಸ್ಕೂಟರಿನ ಮುಂದೆ ಟೊಮ್ಯಾಟೊ ಚೀಲ. ಆತ ಒಂದು ತಪ್ಪು ಮಾಡಿದ. ಕ್ಷಮೆ ಕೇಳಲೆಂದು ಹೆಲ್ಮೆಟ್ಟು ತೆಗೆದ. "ಸಾರಿ ಸಾರ್, ಹಸು ಅಡ್ಡ ಬಂದ್ಬಿಡ್ತು, ನೋಡ್ಲಿಲ್ಲ..." ಎನ್ನುತ್ತಿದ್ದ ಮುಖದ ನಡುವೆ ಕೆಂಪರಾಜುವಿನ ಮುಷ್ಟಿ ಇಳಿಯಿತು. ಮೂಗಿನ ಮೂಳೆ ಗೆಣ್ಣಿನ ಕೆಳಗೆ ಜರುಗಿದ್ದು ಅವನಿಗೆ ಸ್ಪಷ್ಟವಾಗಿ ತಿಳಿಯಿತು, ಮರ ಎಲ್ಲಿ ಬಾಗಿ ಎಲ್ಲಿ ಮುರಿಯುತ್ತದೆಂದು ಈ ಏಳು ತಿಂಗಳಲ್ಲಿ ಬೆರಳಿಗೆ ತಿಳಿದಿದ್ದಷ್ಟೇ ಸ್ಪಷ್ಟವಾಗಿ. ಆತ ಸ್ಕೂಟರಿನೊಡನೆ ವಾಲಿ, ಚೀಲದ ಮೇಲೆ ಕೂತುಬಿಟ್ಟ. ಕಾಲರು ಹಿಡಿದು ಎತ್ತಿ ಇನ್ನೊಂದು ಹೊಡೆದ. ಬಾಯಿಗೆ. ಮತ್ತೊಂದು, ಕಿವಿಯ ಮೇಲೆ. ಆತ ಕೈ ಅಡ್ಡ ಹಿಡಿಯಲೂ ಇಲ್ಲ. ಟೊಮ್ಯಾಟೊ ಯಾವುದು, ರಕ್ತ ಯಾವುದು ಎಂದು ಗೊತ್ತಾಗದ ಹಾಗೆ ರಸ್ತೆಯ ಮೇಲೆ ಕೂತು, ತುಂಬ ಮೆಲ್ಲಗೆ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದ: "ಏನ್ ಮಾಡ್ದೆ ಸಾರ್ ನಾನು?"

ಯಾರೂ ಹತ್ತಿರ ಬರಲಿಲ್ಲ. ಪಕ್ಕದ ಬೀಡಾ ಅಂಗಡಿಯವನು ಚಾಕಲೇಟಿನ ಡಬ್ಬದ ಮುಚ್ಚಳ ಹಿಡಿದುಕೊಂಡು ನಿಂತಿದ್ದ. ಕೆಂಪರಾಜು ಕಾರಿನೊಳಗೆ ಬಗ್ಗಿ ನೋಡಿದ. ರೆಕ್ಕೆಗೆ ಏನೂ ಆಗಿರಲಿಲ್ಲ. ಸ್ಕೂಟರಿನ ಕನ್ನಡಿ ಕಾರಿಗೆ ತಗುಲಿ ಒಡೆದಿತ್ತು, ಅಷ್ಟೇ. ಕಾರಿಗೆ ಒಂದು ಗೆರೆ ಬಿದ್ದಿತ್ತು. ಹೊಟ್ಟೆಯಿಂದ ಒಂದು ನೆಮ್ಮದಿ ಎದ್ದು ಬಂತು. ಆ ನೆಮ್ಮದಿಯ ಹಿಂದೆಯೇ ಎಂಥದೋ ಹೇಸಿಗೆ ಬಂತು. ಅವನು ಕಾರು ಹತ್ತಿ ಹೊರಟುಬಿಟ್ಟ.

ಪುಟ್ಟೇನಹಳ್ಳಿ ಕೆರೆಯ ಎದುರಿನ ಕಟ್ಟಡದ ನಾಲ್ಕನೇ ಮಹಡಿ, ಮೌನೇಶನ ಮನೆ. ಚೈತ್ರ ಬಾಗಿಲನ್ನು ಚಿಲಕದ ಸರಪಳಿಯಷ್ಟೇ ತೆರೆದಳು. ಭಾವ ಎಂದು ಬಾಯ್ತುಂಬ ಕರೆಯುತ್ತಿದ್ದವಳು ಈಗ ಬರೀ ನೋಡಿದಳು. ಒಳಗಿನಿಂದ ಮೌನೇಶ, "ಬಿಡು ಚೈತ್ರ, ಬರ್ಲಿ," ಎಂದ.

ವಿಮಾನವನ್ನು ಊಟದ ಮೇಜಿನ ಮೇಲಿಟ್ಟು, ರೆಕ್ಕೆಯನ್ನು ರಬ್ಬರ್ ಬ್ಯಾಂಡುಗಳಿಂದ ಬಿಗಿದು, ಪಕ್ಕಕ್ಕೆ ರಿಮೋಟು ಇಟ್ಟ. "ನೋಡು," ಎಂದ ಕೆಂಪರಾಜು. ದಾರಿಯುದ್ದಕ್ಕೂ ಕಾಪಾಡಿಕೊಂಡು ಬಂದ ಆ ಒಂದು ಮಾತು ಕೋಣೆಯಲ್ಲಿ ಬಿದ್ದು ಸುಮ್ಮನಾಯಿತು.

ಮೌನೇಶ ನೋಡಿದ. ಎಡಗೈಯಿಂದ ಬೆನ್ನು ಸವರಿದ. ಬಾಲದ ಪಟ್ಟಿಯನ್ನು ಅಲುಗಿಸಿದ. ಮಡಚದ ಎರಡು ಬೆರಳುಗಳನ್ನು ಬಲರೆಕ್ಕೆಯ ಕೆಳಗೆ ಇಟ್ಟು, ಅಲ್ಲಿ ಗಟ್ಟಿಯಾಗಿ ಉಳಿದಿದ್ದ ಅಂಟಿನ ಗಂಟುಗಳನ್ನು ಎಣಿಸುವವನಂತೆ ಉದ್ದಕ್ಕೂ ಎಳೆದ. ಅವನ ಮುಖ ಒಂದು ಕ್ಷಣ ಬದಲಾಯಿತು. ಎದುರಿಗಿರುವವರು ಯಾರು ಎಂಬುದನ್ನು ಮರೆತು, ಬರೀ ಕೆಲಸ ನೋಡುವ ಹಳೆಯ ಮುಖವಾಯಿತು. ಕೆಂಪರಾಜುವಿಗೆ ಅಳು ಬರುವ ಹಾಗಾಯಿತು. ಆಗ ಮೌನೇಶನ ಕೈ ಎಡತುದಿಗೆ ಬಂದು ನಿಂತಿತು.

"ಇಲ್ಲೇನು ಹಾಕಿದ್ದೀಯ?"

"ಸೀಸ ಕಣೋ. ಬಲಗಡೆ ಭಾರ ಬಂತು. ಅಂಟು ಜಾಸ್ತಿ ಆಗ್ಬಿಟ್ಟಿದೆ."

"ನಿನ್ನ ಕಡೆ ಭಾರ ಆದ್ರೆ ನನ್ನ ರೆಕ್ಕೆಗೆ ಸೀಸ ಹಾಕ್ತೀಯ."

ಮೌನೇಶ ಹಣ್ಣು ಕೊಯ್ಯುವ ಚಾಕು ತೆಗೆದುಕೊಂಡ. ಎಡಗೈಯಲ್ಲಿ ಅದು ಅಷ್ಟು ಪಳಗಿರಲಿಲ್ಲ. ತೇಪೆಯನ್ನು ಸೀಳಿ ರೆಕ್ಕೆಯನ್ನು ಓರೆ ಮಾಡಿದಾಗ ಗುಂಡುಗಳು ಒಂದೊಂದಾಗಿ ಮೇಜಿನ ಗಾಜಿನ ಮೇಲೆ ಬಿದ್ದು ಉರುಳಿದವು. "ಇದೊಂದು ನಾನು ಮಾಡಿದ್ದು. ಇದ್ರೊಳಗೆ ನಿಂದೇನೂ ಬೇಡ," ಎಂದ. ಆಮೇಲೆ ಅಣ್ಣನ ತೋಳು ನೋಡಿ, "ಏನದು?" ಎಂದು ಕೇಳಿದ.

"ರಕ್ತ."

"ಯಾರ್ದು?"

"ಯಾವನೋ. ಗಾಡಿ ತಗಲಿಸ್ದ. ರೆಕ್ಕೆ ಮುರೀತು ಅನ್ಕೊಂಡೆ..."

"ಹೆಸರೇನು ಅವನ್ದು?"

"ಗೊತ್ತಿಲ್ಲ."

"ಈಗೆಲ್ಲಿದ್ದಾನೆ?"

"ಅಲ್ಲೇ ಇದ್ದ."

ಚೈತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಅದ್ಕೂ ಏನಾದ್ರೂ ಬರೆಸ್ತಾರೆ ಬಿಡಿ," ಎಂದಳು, ಗಂಡನಿಗೆ ಹೇಳುವಂತೆ. "ಗಾಳಿಗೆ ಬಾಗಿಲು ಬಡ್ಕೊಳ್ತು ಅಂತ ಆಸ್ಪತ್ರೆಲಿ ಅತ್ತೆ ಬರೆಸಿದ್ರಲ್ಲ. ನೀವೂ ಸೈನ್ ಹಾಕಿದ್ರಲ್ಲ, ಎಡಗೈಲಿ."

ಕೆಂಪರಾಜುವಿಗೆ ಅವಳನ್ನು ಹೊಡೆಯಬೇಕೆನ್ನಿಸಿತು. ಅನ್ನಿಸಿದ್ದು ಕಂಡು ಅವನೇ ಕುರ್ಚಿ ಹಿಡಿದುಕೊಂಡ. ಇಷ್ಟು ದಿನ ಯಾರಿಗೂ ಹೇಳದೆ, ಸೀನು ಅವರ ಎದುರು ಬಾಯಿಯವರೆಗೆ ಬಂದು ವಾಪಸ್ಸು ಹೋಗಿದ್ದ ಮಾತು ಈಗ ತಾನಾಗಿ ಆಚೆ ಬಿತ್ತು. "ಮೌನಿ, ಮೊದಲ್ನೇ ಸಲ ನಂಗೆ ಗೊತ್ತಿರ್ಲಿಲ್ಲ ಕಣೋ. ದೇವರಾಣೆ. ಎರಡ್ನೇ ಸಲ ಎಳೆದಾಗ ಗೊತ್ತಿತ್ತು."

ಮೌನೇಶ ಸೀಸದ ಗುಂಡುಗಳನ್ನು ಅಂಗೈಗೆ ಬಳಿದುಕೊಳ್ಳುತ್ತಿದ್ದವನು ತಲೆಯೆತ್ತಲಿಲ್ಲ. "ನಂಗೂ ಗೊತ್ತಿತ್ತು," ಎಂದ. "ಬಾಗ್ಲು ಸಂದೀಲಿ ನಿನ್ನ ಕಣ್ಣೇ ನೋಡ್ತಿದ್ದೆ. ಎಳೀತೀಯ ಅಂತ ಗೊತ್ತಾಯ್ತು. ಕೈ ತೆಗೆಯೋಷ್ಟು ಟೈಮಿತ್ತು ಅಣ್ಣ. ನೀನು ಎಳೆಯಲ್ಲ ಅಂತ ಇಟ್ಕೊಂಡಿದ್ದೆ." ಗುಂಡುಗಳನ್ನು ಅಣ್ಣನ ಅಂಗಿಯ ಜೇಬಿಗೆ ಸುರಿದ. "ಹೋಗು."

ಮೆಟ್ಟಿಲು ಇಳಿಯುವಾಗ ಪ್ರತಿ ಹೆಜ್ಜೆಗೂ ಜೇಬಿನಲ್ಲಿ ಸೀಸ ಕುಲುಕಿತು. ಲಿಫ್ಟು ಇತ್ತು, ಅವನಿಗೆ ತೋಚಲಿಲ್ಲ. ಇಟ್ಟುಕೊಂಡಿದ್ದೆ ಎಂದನಲ್ಲ. ಹಾಗಾದರೆ ಆ ಒಂದು ಕ್ಷಣದಲ್ಲಿ ಇಬ್ಬರೂ ಎದುರುಬದುರು ಇದ್ದರು, ಇಬ್ಬರಿಗೂ ಗೊತ್ತಿತ್ತು, ಒಬ್ಬ ನಂಬಿ ಕೈ ಇಟ್ಟ, ಇನ್ನೊಬ್ಬ ಎಳೆದ. ಅದು ಅಪಘಾತವೇ ಎಂಬ ನಂಬಿಕೆಯ ತುಣುಕೊಂದನ್ನು ಅವನು ಒಳಗೆಲ್ಲೋ ಬಚ್ಚಿಟ್ಟುಕೊಂಡಿದ್ದ. ಅದೂ ಹೋಯಿತು. ಕಾರಿನ ಹತ್ತಿರ ಬಂದು ಬೀಗದ ಕೈ ತಡಕುವಾಗ ಮೇಲಿನಿಂದ ಝೊಂಯ್ ಎಂಬ ಸದ್ದು ಬಂತು. ಕತ್ತೆತ್ತಿದ. ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ಚೈತ್ರ ವಿಮಾನವನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದಿದ್ದಳು. ಪಕ್ಕದಲ್ಲಿ ಮೌನೇಶ, ರಿಮೋಟಿನ ಕಡ್ಡಿಗಳ ಮೇಲೆ ಎರಡೂ ಹೆಬ್ಬೆರಳು. ಹೆಬ್ಬೆರಳಿಗೆ ಏನೂ ಆಗಿರಲಿಲ್ಲವಲ್ಲ. ಮಾಡಲು ಆಗದವನಿಗೆ ಹಾರಿಸಲು ಆಗುತ್ತಿತ್ತು. ಇದು ಕೆಂಪರಾಜುವಿಗೆ ಈವರೆಗೆ ಹೊಳೆದೇ ಇರಲಿಲ್ಲ. ಚೈತ್ರ ಅದನ್ನು ಎಸೆದಳು, ಕಸ ಎಸೆಯುವ ಹಾಗೆ, ಮೈಯ ಬಲವನ್ನೆಲ್ಲ ಹಾಕಿ.

ಒಂದು ಮಹಡಿಯಷ್ಟು ಬಿದ್ದಿತು. ಇನ್ನೊಂದು ಮಹಡಿ. ಆಮೇಲೆ ಅದು ಗಾಳಿಯನ್ನು ಹಿಡಿಯಿತು, ಮೂತಿ ಎತ್ತಿತು, ರಸ್ತೆ ದಾಟಿ, ಬೇಲಿ ದಾಟಿ, ಕೆರೆಯ ಮೇಲಕ್ಕೆ ಏರಿತು. ಬೆಳ್ಳಕ್ಕಿಗಳು ಗುಂಪಾಗಿ ಎದ್ದವು. ಕೆಂಪು ರೆಕ್ಕೆಯ ಮೂಲಕ ಬಿಸಿಲು ಹಾದು ಒಳಗಿನ ಪಟ್ಟಿಗಳೆಲ್ಲ ಕಂಡವು, ಅವನದು, ಮೌನೇಶನದು, ದೂರದಿಂದ ಯಾವುದು ಯಾರದೆಂದು ಹೇಳುವಂತಿರಲಿಲ್ಲ. "ಮೌನಿ! ಹಾರ್ತಿದೆ ಕಣೋ! ನೋಡೋ!" ಎಂದು ಅವನು ಕಿರುಚಿದ. ನಕ್ಕ. ಕೆರೆಯ ಸುತ್ತ ನಡೆಯುತ್ತಿದ್ದವರು ನಿಂತು ನೋಡಿದರು.

ಒಂದು ಸುತ್ತು ಹಾಕಿ ಅದು ಬಲಕ್ಕೆ ವಾಲಿತು. ವಾಲುತ್ತಲೇ ತಿರುಗಿ ರಸ್ತೆಯ ಕಡೆ ಮುಖ ಮಾಡಿತು. ಕೆಳಗಿಳಿಯಿತು. ಮೊದಲು ಒಂದು ಕೆಂಪು ಗೆರೆ, ಆಮೇಲೆ ಗೆರೆಯ ನಡುವೆ ಮೋಟಾರಿನ ತಿರುಗುವ ಪಂಖದ ಮಸುಕು ಬಳೆ, ಆ ಬಳೆ ದೊಡ್ಡದಾಗುತ್ತ ನೇರ ಅವನ ಮುಖಕ್ಕೆ ಬರುತ್ತಿದೆ. ನಿಲ್ಲಬೇಕು ಎಂದುಕೊಂಡ. ನಿಲ್ಲುತ್ತೇನೆ, ಬರಲಿ, ಮುಖಕ್ಕೆ ಬರಲಿ, ನಾನು ಮುಖ ತೆಗೆಯುವುದಿಲ್ಲ. ಮೈ ಅವನ ಮಾತು ಕೇಳಲಿಲ್ಲ. ಮೊಣಕಾಲು ತಾನಾಗಿ ಕುಸಿದು, ಕೈಗಳು ತಲೆಯನ್ನು ಮುಚ್ಚಿ, ಅವನು ಚಕ್ರದ ಪಕ್ಕ ನೆಲ ಕಚ್ಚಿದ. ತಲೆಯ ಮೇಲೆ ಗಾಜು ಒಡೆಯಿತು. ಎದ್ದು ನೋಡಿದಾಗ ವಿಮಾನ ಕಾರಿನ ಹಿಂದಿನ ಗಾಜಿನಲ್ಲಿ ತೂರಿತ್ತು, ರೆಕ್ಕೆಗಳೆರಡೂ ಹೊರಗೆ ತುಂಡಾಗಿ ಬಿದ್ದಿದ್ದವು. ಒಡೆದ ಬ್ಯಾಟರಿ ಒಳಗೆ ಬುಸುಗುಡುತ್ತಿತ್ತು. ಅವನ ಕಿವಿಯಿಂದ ಬಿಸಿಯಾಗಿ ಏನೋ ಇಳಿಯಿತು.

"ಬೇಕೂಂತ ಮಾಡ್ದ್ಯೇನೋ?" ಎಂದು ಮೇಲೆ ನೋಡಿ ಕೂಗಿದ. "ಮೌನಿ! ಹೇಳೋ! ಬೇಕೂಂತಾನಾ?"

ಮೌನೇಶ ರಿಮೋಟು ಹಿಡಿದು ಹಾಗೇ ನಿಂತಿದ್ದ. ಅವನ ತುಟಿ ಅಲುಗಿತು. ಬಲಗಡೆ ಎಳೀತು ಎಂದನೋ, ಹೌದು ಎಂದನೋ, ನಾಲ್ಕು ಮಹಡಿಯ ಕೆಳಗೆ ಏನೂ ಕೇಳಲಿಲ್ಲ. ಚೈತ್ರ ಅವನ ಹೆಗಲು ಹಿಡಿದು ಒಳಗೆ ಕರೆದುಕೊಂಡಳು.

ಬ್ಯಾಟರಿಯನ್ನು ಬಟ್ಟೆಯಲ್ಲಿ ಹಿಡಿದು ಮೋರಿಗೆ ಎಸೆದು, ಒಡೆದ ಗಾಜಿನ ಕಾರನ್ನು ಅವನು ಬಂದ ದಾರಿಗೇ ತಿರುಗಿಸಿದ. ಗಾಳಿ ಹಿಂದಿನಿಂದ ನುಗ್ಗಿ ಬರುತ್ತಿತ್ತು. ಆ ಮನುಷ್ಯ ಇನ್ನೂ ರಸ್ತೆಯಲ್ಲಿ ಕೂತಿರುತ್ತಾನೆ, ಇದ್ದರೆ ಏನು ಹೇಳುವುದು, ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಹೆಸರು ಕೇಳುವುದು. ಹೆಸರು ಕೇಳುವುದು. ಅದನ್ನೇ ಜಪದಂತೆ ಹೇಳಿಕೊಂಡ. ಆದರೆ ಅಲ್ಲಿ ಯಾರೂ ಇರಲಿಲ್ಲ. ಟೊಮ್ಯಾಟೊಗಳ ಮೇಲೆ ಗಾಡಿಗಳು ಹಾದು ರಸ್ತೆ ಅಷ್ಟಗಲ ಕೆಂಪಾಗಿತ್ತು. ಸ್ಕೂಟರನ್ನು ಯಾರೋ ಬೀಡಾ ಅಂಗಡಿಗೆ ಒರಗಿಸಿ ನಿಲ್ಲಿಸಿದ್ದರು. ಅಂಗಡಿಯವನು ಇವನನ್ನು ಕಂಡು ಒಳಗಿದ್ದ ಸ್ಟೂಲು ಎಳೆದು ಹೊರಗೆ ಹಾಕಿದ.

"ಬನ್ನಿ ಸಾರ್, ಕೂತ್ಕೊಳ್ಳಿ. ನಿಮ್ಗೂ ಪೆಟ್ಟಾಗಿದೆಯಲ್ಲ ಸಾರ್ ಕಿವಿಗೆ."

"ಅವ್ನೆಲ್ಲಿ?"

"ಆಟೋದಲ್ಲಿ ಕಳ್ಸಿದ್ವಿ ಸಾರ್ ಆಸ್ಪತ್ರೆಗೆ. ಉಗ್ರಪ್ಪ ಅಂತ, ಅರೆಕೆರೆ ಕಡೆಯವ್ನು, ಪೇಂಟಿಂಗ್ ಕೆಲ್ಸ ಮಾಡ್ತಾನೆ. ಮೂಗು ಒಂದು ಸ್ವಲ್ಪ... ಹಲ್ಲು ಎರಡು ಹೋಗಿದೆ ಅಷ್ಟೇ." ಅಂಗಡಿಯವನು ದನಿ ತಗ್ಗಿಸಿದ. "ನೀವೇನೂ ಟೆನ್ಷನ್ ತಗೋಬೇಡಿ ಸಾರ್. ನೀವು ಜರಗನಹಳ್ಳಿ ಕೆಂಪಣ್ಣ ಅಂತ ನಮ್ಗೆ ಗೊತ್ತಿಲ್ವಾ? ಹಸು ಅಡ್ಡ ಬಂದು ಸ್ಕೂಟ್ರಿಂದ ಬಿದ್ದ ಅಂತ ಹೇಳಿ ಕಳ್ಸಿದೀವಿ. ಅವ್ನೂ ಹೂಂ ಅಂದ. ಎಲ್ರೂ ಹಂಗೇ ಹೇಳ್ತಾರೆ."

ಉಗ್ರಪ್ಪ. ಎಂಥ ಹೆಸರು. ಕೆಂಪರಾಜು ಆ ಹೆಸರನ್ನು ಒಂದು ಸಲ ನಾಲಿಗೆಯ ಮೇಲಿಟ್ಟುಕೊಂಡ.

"ಬೀಳ್ಲಿಲ್ಲ ಅವ್ನು. ನಾನು ಹೊಡ್ದೆ," ಎಂದ.

"ಅಯ್ಯೋ, ಇರ್ಲಿ ಬಿಡಿ ಸಾರ್."

"ನಾನು ಹೊಡ್ದೆ. ನೀನು ನೋಡ್ದೆ."

"ನಾನೇನೂ ನೋಡ್ಲಿಲ್ಲ ಸಾರ್, ಆ ಕಡೆ ತಿರುಗಿದ್ದೆ," ಎಂದು ಅಂಗಡಿಯವನು ನಕ್ಕ. ಉಪಕಾರ ಮಾಡಿದವರು ನಗುವ ಹಾಗೆ.

ಮೊಣಕೈಯಲ್ಲಿ ಬಿಸಿ ಎದ್ದಿತು. ಅದು ಏಳುವುದು ಅವನಿಗೆ ತಿಳಿಯಿತು, ಅಂಗೈಗೆ ಇಳಿಯುವುದೂ ತಿಳಿಯಿತು. ಈ ಸಲ ತಲೆಗೂ ಮೊದಲೇ ಸುದ್ದಿ ಮುಟ್ಟಿತ್ತು, ಆದರೂ ಏನೂ ಮಾಡಲಾಗಲಿಲ್ಲ. ಡಬ್ಬಗಳ ಮೇಲಿನಿಂದ ಬಗ್ಗಿ ಅಂಗಡಿಯವನ ಕಾಲರು ಹಿಡಿದು ಅರ್ಧ ಮೈ ಹೊರಕ್ಕೆ ಎಳೆದ. ಡಬ್ಬಗಳು ಉರುಳಿ ಒಡೆದವು. "ಹೊಡ್ದ ಅಂತ ಹೇಳು," ಎಂದು ಅವನನ್ನು ಕುಲುಕಿದ. "ಕೆಂಪರಾಜು ಹೊಡ್ದ ಅನ್ನು. ಅನ್ನೋ! ಎಲ್ರಿಗೂ ಕೇಳೋ ಹಂಗೆ ಅನ್ನು!" ಅವನ ದನಿ ಒಡೆದಿತ್ತು, ಕಣ್ಣಲ್ಲಿ ನೀರಿತ್ತು, ಹೊಡೆಯಲು ಕೈ ಮೇಲೆದ್ದಿತ್ತು. ರಸ್ತೆಯಲ್ಲಿ ಹೋಗುವವರು ನಿಂತರು, ನೋಡಿದರು, ಒಬ್ಬೊಬ್ಬರಾಗಿ ಬೇರೆ ಕಡೆ ತಿರುಗಿಕೊಂಡರು. ಅಂಗಡಿಯವನು ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದು, ಕಣ್ಣು ಮುಚ್ಚಿ, ಒಂದೇ ಉಸಿರಿಗೆ ಹೇಳತೊಡಗಿದ: "ಆಯ್ತು ಸಾರ್, ನೀವು ಹೆಂಗೆ ಹೇಳಿದ್ರೆ ಹಂಗೆ ಸಾರ್, ನೀವೇ ಹೊಡೆದ್ರಿ, ನೀವೇ ಹೊಡೆದ್ರಿ, ಬಿಡಿ ಸಾರ್."